ಎಡಬದಿಗೆ ಪ್ರಯೋಜನವಿಲ್ಲ

ಮತ್ತೆ ಬಂತು, ಪರದೆಯ ಮೇಲೆ ಎಡ ಅಂತ ಬರೆದ ಚೌಕದೊಳಗೆ ಆ ಟಿಕ್ ಗುರುತು, ಅವಳು ತೆಗೆದು ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ತಾನಾಗಿ ಬಂದು ಕೂತಿತು, ಎಬ್ಬಿಸಿ ಕಳಿಸಿದ ಬೆಕ್ಕು ಬೆನ್ನು ತಿರುಗಿಸಿದ ಕೂಡಲೇ ಅದೇ ಕುರ್ಚಿಯಲ್ಲಿ ಬಂದು ಮುದುಡಿಕೊಳ್ಳುವ ಹಾಗೆ — ಬರಲೇಬೇಕಲ್ಲ, ಹಾಗೆ ಬರಲಿ ಅಂತಲೇ ಬೆಳಗಿನಿಂದ ಕೂತು ಅವಳು ರೂಲ್ ಬರೆದದ್ದು, ಬಲಗಿವಿಯ ಶ್ರವಣಯಂತ್ರ ಆರಿಸಿದರೆ ಎಡಗಿವಿಯದೂ ಸೇರಲಿ, ಎರಡನೆಯದರ ಬೆಲೆಯಲ್ಲಿ ಮೂರನೇ ಒಂದು ಪಾಲು ಇಳಿಯಲಿ, ಜೊತೆಗೆ ಚಾರ್ಜ್ ಮಾಡುವ ಡಬ್ಬಿ, ರಬ್ಬರ್ ತುದಿಗಳು, ಗುಗ್ಗೆ ತೆಗೆಯುವ ಪುಟ್ಟ ಬ್ರಷ್, ವಾರಂಟಿ, ಎಲ್ಲ ಸೇರಿ ಒಂದು ಬಂಡಲ್, ಒಂದನ್ನು ಕಿತ್ತರೆ ಉಳಿದವು ತುಟ್ಟಿಯಾಗಬೇಕು, ಕೀಳುವ ಮನಸ್ಸೇ ಬರಬಾರದು. ಒಂದೇ ಕಿವಿಗೆ ಕೊಟೇಶನ್ ಹೋಗ್ಲೇಬಾರದು ನೋಡಿ ಅಂದಿದ್ದ ಮ್ಯಾನೇಜರ್, ಬೆನ್ನ ಹಿಂದೆ ಎಲ್ಲರೂ ರಿಯಾಯಿತಿರಾಯ ಅಂತ ಕರೆಯುವ ಮನುಷ್ಯ, ಗಿರಾಕಿಗಳು ಬೇಡ ಅಂತ ಬಾಯಿಬಿಟ್ಟು ಹೇಳಲ್ಲ ಮೇಡಂ, ಸುಮ್ನಿರ್ತಾರೆ, ಸುಮ್ನಿದ್ರೆ ಸೇರಿಸ್ಬಿಡಿ ಅಂತ ನಿಮ್ಮ ಸಾಫ್ಟ್‌ವೇರಿಗೆ ಹೇಳಿಕೊಡಿ, ಅಷ್ಟೇ. ಹೇಳಿಕೊಟ್ಟಿದ್ದಾಳೆ. ಅದು ಹೇಳಿದ ಮಾತು ಕೇಳುತ್ತದೆ, ಮನುಷ್ಯರ ಹಾಗಲ್ಲ, ಒಂದು ಸಲ ಹೇಳಿದರೆ ಸಾಕು, ಮತ್ತೆ ಮುಖ ಊದಿಸಿಕೊಳ್ಳುವುದಿಲ್ಲ, ಬ್ಯಾಗು ತುಂಬಿಕೊಂಡು ಹೊರಡುವುದಿಲ್ಲ — ಬೇಡ, ಆ ಕಡೆ ಹೋಗುವುದು ಬೇಡ, ಕೆಲಸ ನೋಡಬೇಕು. ಮೇಲಿನ ಮಹಡಿಯ ಛಾವಣಿ ಬಿಚ್ಚಿದ್ದಾರೆ ಅಂತ ಅವಳ ಮೇಜನ್ನು ಕೆಳಗೆ, ಕಿವಿ ಪರೀಕ್ಷೆ ಮಾಡುವ ಕೋಣೆಗೆ ತಂದು ಹಾಕಿದ್ದಾರೆ, ಪಕ್ಕದಲ್ಲೇ ಶಬ್ದ ಹೊಗದ ಗೂಡು, ಅಂಗೈ ದಪ್ಪದ ಬಾಗಿಲು, ಗೋಡೆಯಲ್ಲಿ ಒಂದು ಗಾಜಿನ ಕಿಟಕಿ, ಒಳಗೆ ಕೂತವರು ಮೀನಿನ ತೊಟ್ಟಿಯಲ್ಲಿ ಇಟ್ಟ ಹಾಗೆ ಕಾಣುತ್ತಾರೆ, ಮುದುಕರು, ಗಂಟಲು ಕಿತ್ತು ಹೋಗುವಂತೆ ಕೂಗಿ ಕೂಗಿ ಸೋತ ಅವರ ಮಕ್ಕಳು. ಇಲ್ಲಿಗೆ ಬಂದಾಗಿನಿಂದ ಒಂದು ಥರ. ಯಾರೋ ಕರೆಯುತ್ತಾರೆ, ತಿರುಗಿದರೆ ಬರೀ ಗೋಡೆ, ಇನ್ನೊಂದು ಕಡೆ ತಿರುಗಿದರೆ ಕಾವಲಿನವನು ಮೂರು ಸಲ ಕರೆದೆ ಅಂತ ಕೊರಿಯರ್ ಹಿಡಿದು ನಿಂತಿರುತ್ತಾನೆ, ಅವನು ಒಂದು ಕಡೆ, ಅವನ ದನಿ ಮತ್ತೊಂದು ಕಡೆ. ನಿಮಗೂ ಶುರುವಾಯ್ತಾ ಮೇಡಂ, ಈ ಕೋಣೇಲಿ ಇದೆಯಂತೆ ಏನೋ, ಅಂತ ಅವನು ಕಣ್ಣು ಹೊಡೆದಿದ್ದ. ನಕ್ಕಿದ್ದಳು. ಆದರೆ ಮನೆಯಲ್ಲೂ ಹಾಗೆಯೇ ಅಲ್ಲವೇ, ಮಗ್ಗುಲಾಗಿ ಮಲಗಿ ಬಲಗೆನ್ನೆ ದಿಂಬಿಗೆ ಒತ್ತಿದಳೆಂದರೆ ಇಡೀ ಬೀದಿಯ ಉಸಿರು ನಿಂತುಹೋಗುತ್ತದೆ, ನಲ್ಲಿ ತೊಟ್ಟಿಕ್ಕುವುದಿಲ್ಲ, ಫ್ಯಾನು ತಿರುಗುತ್ತದೆ, ಸದ್ದು ಮಾಡುವುದಿಲ್ಲ, ಅಕ್ಕ ಬ್ಯಾಗು ಹಿಡಿದು ಹೋದ ಮೇಲೆ ಮನೆ ಎಷ್ಟು ಮೌನವಾಯಿತು ಅಂದುಕೊಂಡಿದ್ದಳು, ಆ ಮೌನ ಅಕ್ಕನದು ಅಂದುಕೊಂಡಿದ್ದಳು.

ಇನ್ನೊಂದು ರೂಲ್ ಉಳಿದಿದೆ, ಪರೀಕ್ಷೆಯ ವರದಿ ನೇರವಾಗಿ ಕೊಟೇಶನ್ನಿಗೆ ಇಳಿಯಬೇಕು, ಯಾವ ಕಿವಿ ಎಷ್ಟು ಹೋಗಿದೆ ನೋಡಿ ಸಾಫ್ಟ್‌ವೇರೇ ಯಂತ್ರ ಆರಿಸಬೇಕು, ಪೂರ್ತಿ ಹೋದ ಕಿವಿಗೆ ಮಾಮೂಲಿ ಯಂತ್ರ ಕೊಡಕೂಡದು, ಬದಲು ಆ ಕಡೆಯ ದನಿಯನ್ನು ಹಿಡಿದು ಈ ಕಡೆಯ ಕಿವಿಗೆ ದಾಟಿಸುವ ಜೋಡಿಯನ್ನು ಸೇರಿಸಬೇಕು, ಕೆಂಪಕ್ಷರದಲ್ಲಿ ಒಂದು ಸಾಲೂ ಬರಬೇಕು, ಆ ಸಾಲನ್ನು ಬರೆದವಳೂ ಅವಳೇ, ಒಂದು ಮಧ್ಯಾಹ್ನ ಆಕಳಿಸುತ್ತಾ, ಈ ಬದಿಗೆ ಸಾಧನದಿಂದ ಪ್ರಯೋಜನವಿಲ್ಲ. ಆದರೆ ಅವಳು ಸುಮ್ಮನೆ ಹುಟ್ಟಿಸಿ ಬರೆದ ಸುಳ್ಳು ವರದಿಗಳನ್ನೆಲ್ಲ ಅದು ಉಗಿಯುತ್ತಿದೆ, ಒಂದನ್ನೂ ನುಂಗುತ್ತಿಲ್ಲ. ನಿಜವಾದ ಕಿವೀದೇ ಬೇಕು ಅನ್ಸುತ್ತೆ ಅದಕ್ಕೆ, ಅಂದಳು ಸೀಟಿ ಮೇಡಂ, ಪರೀಕ್ಷೆಗೆಂದು ದಿನವಿಡೀ ಜನರ ಕಿವಿಯಲ್ಲಿ ಸಣ್ಣ ಸೀಟಿ ಊದಿಸುವವಳು, ಅದಕ್ಕೇ ಆ ಹೆಸರು, ಬನ್ನಿ ಇವರೇ, ನಿಮ್ದೇ ಮಾಡೋಣ, ಗಿರಾಕಿ ಯಾರೂ ಇಲ್ಲ, ಚೆನ್ನಾಗಿರೋ ಕಿವಿ ಹಾಕಿದ್ರೆ ಕೊಟೇಶನ್ ಖಾಲಿ ಬರ್ಬೇಕು ತಾನೆ, ಬಂದ್ರೆ ನಿಮ್ಮ ರೂಲ್ ಗೆದ್ದ ಹಾಗೆ. ಸರಿ ಅಂತ ಗೂಡಿನೊಳಗೆ ಹೋದಳು, ಹೆಡ್‌ಫೋನ್ ಏರಿಸಿಕೊಂಡಳು, ಬಾಗಿಲು ಮುಚ್ಚಿತು, ಮುಚ್ಚಿದ ಸದ್ದು ಅರ್ಧಕ್ಕೇ ನಿಂತಿತು, ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗೆ, ಆಮೇಲೆ ತನ್ನದೇ ರಕ್ತ ಹರಿಯುವುದು, ತನ್ನದೇ ಎಂಜಲು ನುಂಗುವುದು, ಅದೂ ಒಂದು ಪಕ್ಕದಲ್ಲಿ ಮಾತ್ರ, ಇನ್ನೊಂದು ಪಕ್ಕ — ಅಲ್ಲಿ ಏನಿದೆ, ಏನೂ ಇಲ್ಲ, ಬಾವಿಯೊಳಗೆ ತಲೆ ಅರ್ಧ ಇಳಿಬಿಟ್ಟ ಹಾಗೆ. ಕೇಳಿಸಿದಾಗ ಕೈಲಿರುವ ಗುಂಡಿ ಒತ್ತಬೇಕು. ಪೀಂ, ಒತ್ತಿದಳು. ಪೀಂ, ಸಣ್ಣದು, ಒತ್ತಿದಳು. ಸೊಳ್ಳೆಯಷ್ಟು ಸಣ್ಣದು, ಅದಕ್ಕೂ ಒತ್ತಿದಳು, ಭಲೇ ಅನ್ನುವಂತೆ ಗಾಜಿನಾಚೆ ಸೀಟಿ ಮೇಡಂ ಹೆಬ್ಬೆರಳೆತ್ತಿದಳು, ಬಲ ಮುಗಿಯಿತು, ಈಗ ಎಡ ಅಂತ ಸನ್ನೆ ಮಾಡಿದಳು. ಕಾದಳು. ಇನ್ನೂ ಶುರು ಮಾಡಿಲ್ಲ, ಕಾಗದ ಹುಡುಕುತ್ತಿದ್ದಾಳೇನೋ. ಮೊಣಕಾಲಿನ ಮೇಲಿನ ದಾರದ ಎಳೆ ಕಿತ್ತಳು. ಇದೇನು ಇಷ್ಟು ಹೊತ್ತು ಅಂತ ತಲೆಯೆತ್ತಿ ನೋಡಿದರೆ ಸೀಟಿ ಮೇಡಂ ಕಾಗದ ಹುಡುಕುತ್ತಿಲ್ಲ, ಬಗ್ಗಿದ್ದಾಳೆ, ಅವಳ ಬೆರಳು ಗುಂಡಿಯನ್ನು ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ, ಒತ್ತಿದಾಗಲೆಲ್ಲ ಯಂತ್ರದ ಮೇಲೆ ಹಸಿರು ದೀಪ ಹೊತ್ತುತ್ತಿದೆ, ಒಂದೊಂದು ಸಲಕ್ಕೂ ಇನ್ನೊಂದು ಕೈಯಿಂದ ತಿರುಪನ್ನು ಮುಂದೆ ಮುಂದೆ ತಿರುಗಿಸುತ್ತಿದ್ದಾಳೆ, ದೀಪ ಹೊತ್ತುತ್ತದೆ, ಸದ್ದಿಲ್ಲ, ದೀಪ ಹೊತ್ತುತ್ತದೆ, ಸದ್ದಿಲ್ಲ, ಸೀಟಿ ಮೇಡಂ ಮುಖದಲ್ಲಿದ್ದ ನಗು ಯಾವಾಗಲೋ ಇಳಿದುಹೋಗಿದೆ. ಕೊನೆಗೆ ಕಿವಿಯ ಹಿಂದಿನ ಮೂಳೆಯಲ್ಲಿ ಏನೋ ನಡುಗಿದ ಹಾಗಾಯಿತು, ದೂರದಲ್ಲಿ ಲಾರಿ ಹೋದ ಹಾಗೆ, ಅದು ಶಬ್ದವೇ ಅಲ್ಲ.

ನಿಮಗೆ ಗೊತ್ತಿರ್ಲಿಲ್ವಾ, ಅಂತ ಸೀಟಿ ಮೇಡಂ ಬಾಗಿಲು ತೆಗೆದು ಬಂದು ಪಕ್ಕದಲ್ಲಿ ಕೂತಳು, ಬಲಪಕ್ಕದಲ್ಲಿ, ಆಗಲೇ ಪಕ್ಕ ಬದಲಾಯಿಸಿದ್ದಳು, ಒಂದು ಚೆನ್ನಾಗಿದ್ರೆ ಇನ್ನೊಂದು ಹೋಗಿದ್ದು ಗೊತ್ತೇ ಆಗಲ್ಲ ಎಷ್ಟೋ ಜನಕ್ಕೆ, ನಿಧಾನಕ್ಕೆ ಹೋಗಿದೆ, ವರ್ಷದ ಮೇಲೇ ಆಗಿರ್ಬೇಕು, ನಾಳೇನೇ ಡಾಕ್ಟರ್ ಹತ್ರ ಹೋಗಿ, ತಡ ಮಾಡ್ಬೇಡಿ. ಹೂಂ ಅಂದಳು ಇವಳು, ಹೂಂ ಅನ್ನುತ್ತಲೇ ಮೇಜಿಗೆ ಬಂದಳು, ಪರದೆ ತಾನಾಗಿ ತುಂಬಿಕೊಳ್ಳುತ್ತಿತ್ತು, ವರದಿಯನ್ನು ಈ ಸಲ ಒಂದು ತಕರಾರೂ ಇಲ್ಲದೆ ನುಂಗಿತು, ಬಲದ ಚೌಕ ಖಾಲಿ, ಎಡದ ಚೌಕದ ಟಿಕ್ ಬಂತು, ನಡುಗಿತು, ಹೋಯಿತು, ಅದರ ಜಾಗದಲ್ಲಿ ದನಿ ದಾಟಿಸುವ ಜೋಡಿ, ಡಬ್ಬಿ, ಬ್ರಷ್, ವಾರಂಟಿ, ರಿಯಾಯಿತಿ ಕಳೆದು ಬೆಲೆ, ಅದರ ಕೆಳಗೆ ಕೆಂಪಕ್ಷರ, ಅವಳದೇ ಮಾತು, ಅವಳಿಗೇ, ಈ ಬದಿಗೆ ಸಾಧನದಿಂದ ಪ್ರಯೋಜನವಿಲ್ಲ. ಅಬ್ಬ, ಕೆಲಸ ಮಾಡ್ತಲ್ಲ ರೂಲು, ಅಂತ ಹಿಂದಿನಿಂದ ರಿಯಾಯಿತಿರಾಯ, ಯಾವಾಗ ಬಂದನೋ, ಯಾರ ವರದಿ ಇದು, ಭಾರೀ ಚೆನ್ನಾಗಿದೆ, ಇದನ್ನೇ ನಾಳೆ ಎಲ್ಲರಿಗೂ ತೋರಿಸಿಬಿಡಿ. ಯಾರದೋ ಅಂದಳು. ಎಡಪಕ್ಕ, ಎಡಪಕ್ಕದಲ್ಲಿ ಯಾರು ಯಾರು ಕೂತಿದ್ದರು ಈ ಒಂದು ವರ್ಷ, ಊಟದ ಮೇಜಿನಲ್ಲಿ ಗೋಡೆ, ಹಾಸಿಗೆಯಲ್ಲಿ ಯಾರೂ ಇಲ್ಲ, ಕಾರಿನಲ್ಲಿ, ಕಾರಿನಲ್ಲಿ ಅವಳು ಬಲಗಡೆ ಸ್ಟೀರಿಂಗ್ ಹಿಡಿದು, ಎಡಗಡೆ — ಅಕ್ಕ. ಭಾವ ಎಸೆದ ತಟ್ಟೆ ಹುಬ್ಬು ಸೀಳಿದ ಸಂಜೆ ಒಂದೇ ಬ್ಯಾಗು ಹಿಡಿದು ಬಂದವಳು, ಚಳಿಗಾಲ ಪೂರ್ತಿ ಇವಳ ಮನೆಯಲ್ಲೇ ಇದ್ದವಳು, ದಿನಾ ಬೆಳಿಗ್ಗೆ ಕೆಲಸಕ್ಕೆ, ಕಿಟಕಿ ಪರದೆ ಹೊಲಿಯುವ ಅಂಗಡಿಗೆ ಇವಳೇ ಬಿಡುತ್ತಿದ್ದಳು, ಹತ್ತಿದ ಕೂಡಲೇ ಅಕ್ಕ ಹಣೆಯನ್ನು ಎಡಗಡೆಯ ಗಾಜಿಗೆ ಆನಿಸಿ ಹೊರಗೆ ನೋಡುತ್ತಾ ಕೂತುಬಿಡುತ್ತಿದ್ದಳು, ಮಾತಿಲ್ಲ ಕತೆಯಿಲ್ಲ, ಕೆದಕಬಾರದು ಪಾಪ, ತಾನಾಗಿ ಹೇಳಿದಾಗ ಹೇಳಲಿ, ಅಂತ ಇವಳು ರಸ್ತೆ ನೋಡಿಕೊಂಡು ಓಡಿಸುತ್ತಿದ್ದಳು, ಒಳ್ಳೆಯ ತಂಗಿ, ಏನನ್ನೂ ಕೇಳದ ತಂಗಿ, ಕಣ್ಣಂಚಿನಲ್ಲಿ ಮಾತ್ರ ಕಾಣುತ್ತಿತ್ತು, ಅಕ್ಕನ ಬಾಯಿಯ ಮುಂದೆ ಗಾಜಿನ ಮೇಲೆ ಹಬೆ ಮೂಡುವುದು, ಕುಗ್ಗುವುದು, ಮತ್ತೆ ಮೂಡುವುದು. ಉಸಿರು ಅಂದುಕೊಂಡಿದ್ದಳು. ಬರೀ ಉಸಿರಿಗೆ ಹಬೆ ಹಾಗೆ ತುಂಡುತುಂಡಾಗಿ ಮೂಡುತ್ತದೆಯೇ, ಚಿಕ್ಕದು, ದೊಡ್ಡದು, ನಡುವೆ ತಡೆದು, ಮತ್ತೆ ಅವಸರವಾಗಿ — ಅದು ಮಾತು. ಅಕ್ಕ ಮಾತಾಡುತ್ತಿದ್ದಳು. ಗಾಜಿಗೆ ಮುಖ ಮಾಡಿ ಚಳಿಗಾಲ ಪೂರ್ತಿ ಮಾತಾಡುತ್ತಿದ್ದಳು. ಆ ಕೊನೆಯ ಶುಕ್ರವಾರ ಅಂಗಡಿಯ ಮುಂದೆ ಇಳಿದು, ಬಾಗಿಲು ಹಿಡಿದುಕೊಂಡೇ ಬಗ್ಗಿ, ಇವಳ ಮುಖವನ್ನು ಎಷ್ಟೋ ಹೊತ್ತು ನೋಡಿದಳಲ್ಲ, ಏನನ್ನೋ ಕಾಯುವವಳ ಹಾಗೆ, ಇವಳು ಏನು ಮಾಡಿದಳು, ನಕ್ಕಳು, ಕೈ ಬೀಸಿದಳು, ಹೋಗಿ ಬಾ ಅನ್ನುವ ಹಾಗೆ. ಆಯ್ತು ಬಿಡು ಅಂದಳು ಅಕ್ಕ, ಅದು ಮಾತ್ರ ಕೇಳಿಸಿತು, ಮುಖ ಈ ಕಡೆ ಇತ್ತಲ್ಲ. ಮಾರನೇ ದಿನ ಬ್ಯಾಗು ತುಂಬಿದಳು, ಭಾವನ ಮನೆಗೇ ಹೊರಟಳು, ಯಾಕಕ್ಕಾ ಅಂತ ಹೊಸಿಲಲ್ಲಿ ತಡೆದದ್ದಕ್ಕೆ, ಕೇಳಿಸ್ಕೊಂಡೂ ನಕ್ಕೆಯಲ್ಲ ನೀನು, ಅಂದಳು, ಆಮೇಲೆ ಫೋನಿನಲ್ಲಿ ಬರೀ ಹಾಂ ಹೂಂ.

ಕಾರಿನಲ್ಲಿ ಕೂತಿದ್ದಾಳೆ, ಹೇಗೆ ಎದ್ದು ಬಂದಳೋ, ಪಾರ್ಕಿಂಗಿನಲ್ಲಿ ಸಂಜೆಯ ಥಂಡಿ, ಕಿಟಕಿಗಳನ್ನೆಲ್ಲ ಏರಿಸಿದ್ದಾಳೆ, ಫೋನು ಬಲಗಿವಿಗೆ, ಸುಮ್ಮನೆ ಒಂದು ಸಲ ಎಡಕ್ಕೆ ಹಿಡಿದು ನೋಡುತ್ತಾಳೆ, ರಿಂಗಾಗುವ ಫೋನು ಕೈಯಲ್ಲಿ ಕಲ್ಲಿನ ಚೂರು, ಬಲಕ್ಕೆ ತಂದರೆ ಜೀವ ಬರುತ್ತದೆ. ಹೇಳು, ಅಂತು ಅಕ್ಕನ ದನಿ, ಎಷ್ಟು ಸಣ್ಣ ದನಿ, ಹಿಂದೆ ಕುರ್ಚಿ ಎಳೆದ ಸದ್ದು, ಭಾವನ ಕೆಮ್ಮು. ಅಕ್ಕಾ ಅವತ್ತು ಕಾರಲ್ಲಿ ಏನು ಕೇಳ್ದೆ ನನ್ನ. ಯಾವತ್ತು. ನಾನು ನಕ್ಕೆನಲ್ಲ, ಅವತ್ತು. ಅದೆಲ್ಲ ಯಾಕೀಗ, ಒಲೆ ಮೇಲೆ ಸಾರು ಇಟ್ಟಿದೀನಿ, ಫೋನ್ ಇಡ್ಲಾ. ಇಡ್ಬೇಡ, ಅಕ್ಕಾ ನಂಗೆ ಕೇಳಿಸ್ಲಿಲ್ಲ, ನನ್ನ ಎಡಗಿವಿ ಸತ್ತು ಹೋಗಿದೆಯಂತೆ, ಇವತ್ತು ಗೊತ್ತಾಯ್ತು, ಆಣೆಗೂ ಕೇಳಿಸ್ಲಿಲ್ಲ. ಬಾಗಿಲೊಂದು ಮುಚ್ಚಿಕೊಂಡಿತು ಆ ಕಡೆ, ಆಮೇಲೆ ದನಿ ಬಂತು, ಇನ್ನೂ ಕೆಳಗೆ, ಒಂದ್ ದಿನಾನೂ ಕೇಳಿಸ್ಲಿಲ್ವೇನೇ, ದಿನಾ ಹೇಳ್ತಿದ್ದೆ, ಮೊದಲಿಂದ ಎಲ್ಲ ಹೇಳಿದೀನಿ, ಮದುವೆಯಾದ ವರ್ಷದಿಂದ ಅವ್ರು ಏನೇನು ಮಾಡಿದ್ರು ಅಂತ, ಅಮ್ಮಂಗೂ ಹೇಳಿಲ್ಲ, ಮುಖ ನೋಡ್ಕೊಂಡು ಹೇಳೋಕೆ ನಂಗೆ ಆಗ್ತಿರ್ಲಿಲ್ಲ, ನೀನು ರಸ್ತೆ ನೋಡ್ತಿದ್ದೆ, ಕೇಳ್ತಿದೀಯಾ, ತಡ್ಕೊಂಡು ಕೂತಿದೀಯಾ ಅಂದ್ಕೊಂಡೆ. ಅವತ್ತು? ಅವತ್ತು ಕೇಳ್ದೆ, ಕರೀತಿದಾರೆ, ವಾಪಸ್ ಹೋಗ್ಲಾ ಅಂತ, ಬೇಡ ಅಂತ ನೀನು ಒಂದ್ ಮಾತು ಅಂದ್ರೆ ಹೋಗಲ್ಲ ಅಂದೆ. ಬೇಡ, ಅಂತ ಕಿರುಚುತ್ತಾಳೆ ಇವಳು ಮುಚ್ಚಿದ ಕಾರಿನೊಳಗೆ, ಬೇಡ ಅಕ್ಕಾ, ಹೋಗ್ಬೇಡ, ಹೋಗಿದ್ರೂ ಬಾ, ಈಗ್ಲೇ ಹೊರಟೆ ನಾನು, ಬ್ಯಾಗೂ ಬೇಡ ಏನೂ ಬೇಡ, ಬಾಗ್ಲಲ್ಲಿ ನಿಂತಿರು. ಯಾರ್ದೇ ಅದು ಫೋನು, ಅಂತ ದೂರದಲ್ಲಿ ಭಾವ. ತಂಗಿ ರೀ, ಸುಮ್ನೆ ಮಾಡಿದಾಳೆ, ಅಂತ ಅಕ್ಕ ಗಟ್ಟಿಯಾಗಿ, ಬೇರೆ ಯಾರದೋ ದನಿಯಲ್ಲಿ, ಆಮೇಲೆ ಏನೋ ಅಂದಳು ಪಿಸುಮಾತಿನಲ್ಲಿ, ಬಾ ಅಂದಳೇ, ಬೇಡ ಅಂದಳೇ, ಎರಡೂ ಬಕಾರದಿಂದಲೇ ಶುರು, ಮುಂದಿನದನ್ನು ಕುರ್ಚಿ ಎಳೆದ ಸದ್ದು ನುಂಗಿತು, ಫೋನು ಕಟ್ಟಾಯಿತು. ಹೋಗಬೇಕು. ಏನೇ ಅಂದಿರಲಿ, ಹೋಗಬೇಕು, ಇನ್ನು ಈ ಕಿವಿಯನ್ನು ನಂಬಿಕೊಂಡು ಕೂರಲಾಗದು, ಕೀಲಿ ತಿರುಗಿಸಿದಳು, ಎಂಜಿನ್ ನಡುಗಿತು, ಮುಂದಿನ ರಸ್ತೆ ಕಾಣುತ್ತಿಲ್ಲ, ಅವಳ ಕಿರುಚಾಟಕ್ಕೆ, ಅಳುವಿಗೆ ಗಾಜೆಲ್ಲ ಮಂಜುಗಟ್ಟಿದೆ, ಮುಂದಿನದನ್ನು ತೋಳಿನಿಂದ ಒರೆಸಿದಳು, ಬಲಗಡೆಯದನ್ನು ಒರೆಸಿದಳು, ಕನ್ನಡಿ ಕಾಣಲಿ ಅಂತ ಎಡಕ್ಕೆ ಬಗ್ಗಿ ಕೈ ಚಾಚಿದಳು — ಚಾಚಿದ ಕೈ ಅಲ್ಲೇ ನಿಂತಿತು. ಚಳಿಗಾಲದಿಂದ ಒರೆಸಿಲ್ಲ ಆ ಗಾಜನ್ನು. ಬೆಳ್ಳಗಿನ ಹಬೆಯ ನಡುವೆ ಹಬೆ ಹಿಡಿಯದ ಒಂದು ಜಾಗ, ಹಣೆ ಆನಿಸಿದಲ್ಲಿ ಎಣ್ಣೆಯ ಮಾಸಲು ಗುಂಡು, ಮೂಗಿನ ತುದಿಯ ಚುಕ್ಕೆ, ಅದರ ಕೆಳಗೆ ಗೆರೆಗೆರೆಯಾಗಿ, ಒಂದೊಂದು ಗೆರೆಯೂ ಎದ್ದು ಕಾಣುವಂತೆ, ಎರಡು ತುಟಿ, ಅಕ್ಕನವು, ಎಂಜಿನ್ನಿನ ನಡುಕಕ್ಕೆ ಗಾಜು ಅದುರುತ್ತದೆ, ತುಟಿಗಳು ಅದುರುತ್ತವೆ, ಅವಳು ತಲೆಯನ್ನು ತಿರುಗಿಸಿ ಬಲಗಿವಿಯನ್ನು ಹತ್ತಿರ ತರುತ್ತಾಳೆ, ಇನ್ನೂ ಹತ್ತಿರ, ಗಾಜು ತಣ್ಣಗೆ ತಾಕುತ್ತದೆ, ಹಬೆ, ಹಬೆಯಲ್ಲಿ ತುಟಿ, ಚೂರೇ ಚೂರು ತೆರೆದ ತುಟಿ