ಐದನೇ ಕಾಲಿನ ದಾರ

ನನ್ನ ಆನೆಗೆ ಸೊಂಡಿಲು ಇರಲಿಲ್ಲ. ಬೆನ್ನು, ಅಂಬಾರಿ, ಬಾಲ, ನಾಲ್ಕು ಕಾಲು ಎಲ್ಲ ಮುಗಿದು, ಸೊಂಡಿಲು ಶುರು ಮಾಡುವ ಹೊತ್ತಿಗೆ ಸರಿಯಾಗಿ ದಾರ ಮುಗಿದುಹೋಯಿತು. ಅಂಗಡಿಗೆ ಹೋಗಿ ಇನ್ನೊಂದು ಲಡಿ ತಂದರಾಯಿತು ಎನ್ನುವವರು ಜನ್ಮದಲ್ಲಿ ಕಸೂತಿ ಹಾಕಿದವರಲ್ಲ. ಅದು ನಾನು ಮದುವೆಯಾಗಿ ಚೆನ್ನೈಗೆ ಬರುವಾಗ ಧಾರವಾಡದಿಂದ ತಂದ ದಾಳಿಂಬೆ ಕೆಂಪಿನ ರೇಷ್ಮೆ ದಾರ. ಆ ಬಣ್ಣ ತಯಾರಿಸುವುದನ್ನೇ ಕಂಪನಿಯವರು ನಿಲ್ಲಿಸಿ ಎಷ್ಟೋ ಕಾಲವಾಯಿತು. ಬೇರೆ ಕೆಂಪು ಹಾಕಿದರೆ ಯಾವುದೋ ಆನೆಯ ಸೊಂಡಿಲನ್ನು ತಂದು ಅಂಟಿಸಿದಂತೆ ಕಾಣುತ್ತದೆ.

"ಕಾಣಲಿ ಬಿಡಕ್ಕಾ, ಕೂಸಿಗೇನು ತಿಳೀತದ?" ಅಂದ ನನ್ನ ತಮ್ಮ ಅಜಯ್.

ಕೂಸು ಅವನದೇ, ಚೊಚ್ಚಲ ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಗೆ ಕುಂಚಿಗೆ ಕಟ್ಟಿ ಕಿವಿಯಲ್ಲಿ ಹೆಸರು ಹೇಳುವುದು ನಮ್ಮಲ್ಲಿ ಸೋದರತ್ತೆಯ ಹಕ್ಕು. ಕುಂಚಿಗೆ ಅಂದರೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ಖಣದ ಟೊಪ್ಪಿಗೆ. ಅದರ ಮೇಲೆ ಕಸೂತಿ ಇರಬೇಕು, ಕಸೂತಿಯಲ್ಲಿ ಆನೆ ಇರಬೇಕು, ಆನೆಗೆ ಸೊಂಡಿಲು ಇರಬೇಕು. ಕೂಸಿಗೆ ತಿಳಿಯದಿದ್ದರೂ ಗೋದಾಬಾಯಿಯವರಿಗೆ ತಿಳಿಯುತ್ತದೆ.

ಗೋದಾಬಾಯಿ ಅಜಯನ ಅತ್ತೆ, ಅವನ ಹೆಂಡತಿ ಪ್ರೇರಣಾಳ ತಾಯಿ. ಇದೇ ಚೆನ್ನೈನ ಪಲ್ಲಾವರಂನಲ್ಲಿ ಮನೆ. ಯಾರ ಮನೆಗೆ ಹೋದರೂ ಕಸೂತಿ ಕಣ್ಣಿಗೆ ಬಿದ್ದರೆ ಮೊದಲು ಅದನ್ನು ತಿರುವಿ ಹಾಕಿ ಹಿಂಭಾಗ ನೋಡುವ ಹೆಂಗಸು. ಒಳ್ಳೆಯ ಕಸೂತಿಗೆ ಗಂಟಿರುವುದಿಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ. ಪ್ರೇರಣಾಳ ಸೀಮಂತದಲ್ಲಿ ನಾನು ಕಸೂತಿ ಹಾಕಿದ್ದ ತಟ್ಟೆ ಮುಚ್ಚುವ ಬಟ್ಟೆಯನ್ನು ಹತ್ತು ಜನರ ಮುಂದೆ ತಿರುವಿ, "ಗಂಟು ಭಾಳ ಚಂದ ಬಂದದ ಜಲಜಾಬಾಯಿ" ಅಂದಿದ್ದರು. ಅಷ್ಟಕ್ಕೇ ಬಿಡಲಿಲ್ಲ. "ಕುಂಚಿಗಿ ನಾನೂ ಒಂದು ಹಾಕಿ ಇಟ್ಟಿರ್ತೇನಿ. ನಿಮ್ಮದು ಆಗದಿದ್ರ ನಂದು ಕಟ್ಟಿದ್ರಾತು" ಅಂದರು. ಹಕ್ಕು ಕೈತಪ್ಪುವುದು ಹೀಗೇ, ನಗುನಗುತ್ತಾ.

"ಆನ್‌ಲೈನ್‌ಲ ಎಲ್ಲಾಮೇ ಕಿಡೈಕ್ಕುಂಮಾ" ಅಂದಳು ನನ್ನ ಮಗಳು ಪ್ರಣಮ್ಯಾ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುತ್ತಾಳೆ. ಎಲ್ಲವೂ ಸಿಗುತ್ತದಂತೆ.

ಸಿಕ್ಕಿತು. ಮೊದಲನೇ ಅಂಗಡಿಯ ಚಿತ್ರದಲ್ಲಿದ್ದದ್ದು ದಾಳಿಂಬೆ, ಮನೆಗೆ ಬಂದದ್ದು ಟೊಮೆಟೊ. ಯಾಕಪ್ಪಾ ಹೀಗೆ ಎಂದು ಕೇಳಿದರೆ, ನಿಮ್ಮ ಫೋನಿನ ಬೆಳಕು ಕಡಿಮೆ ಮಾಡಿ ನೋಡಿ ಎಂದು ಉತ್ತರ ಬಂತು. ದಾರ ನನ್ನ ತೊಡೆಯ ಮೇಲಿದೆ ಮಾರಾಯ, ಫೋನಿನಲ್ಲಲ್ಲ! ಎರಡನೇ ಅಂಗಡಿಯವರು ಮಾಲು ಇದೆ ಎಂದು ದುಡ್ಡು ತೆಗೆದುಕೊಂಡು ಗಿಳಿಹಸಿರು ಕಳಿಸಿದರು. ಕೆಂಪು ಖಾಲಿಯಾಯಿತಂತೆ, ಹಸಿರನ್ನೂ ಗ್ರಾಹಕರು ಬಹಳ ಮೆಚ್ಚುತ್ತಾರಂತೆ. ಹಸಿರು ಸೊಂಡಿಲಿನ ಆನೆಯನ್ನು ಆ ಗ್ರಾಹಕರು ಎಲ್ಲಿ ನೋಡಿದ್ದರೋ ದೇವರೇ ಬಲ್ಲ.

ಮೂರನೆಯದರಲ್ಲಿ "ಗಟ್ಟಿ ಕೆಂಪು ದಾರ" ಅಂತಿತ್ತು. ಬಂದ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕಾಯಿತು. ಒಳಗೆ ಮೀನುಬಲೆ ಹೆಣೆಯುವ ನೈಲಾನ್ ಹುರಿ! ವಿಳಾಸ ನೋಡಿದರೆ ಕಾಸಿಮೇಡು, ಚೆನ್ನೈನ ಮೀನುಗಾರರ ಬಂದರು. ಕಾಸಿಮೇಡಿನವರದೇನೂ ತಪ್ಪಿಲ್ಲ, ಅವರು ಅವರ ದಾರ ಮಾರುತ್ತಿದ್ದರು. ಗುಂಡಿ ಒತ್ತಿದವಳು ನಾನು. ವಾಪಸ್ ಕಳಿಸೋಣವೆಂದರೆ ಪೆಟ್ಟಿಗೆ ಹರಿದಿರಬಾರದಂತೆ, ಪ್ರಣಮ್ಯಾ ಆಗಲೇ ಅದನ್ನು ಚೂರಿಯಲ್ಲಿ ಸೀಳಿದ್ದಳು. ಅವತ್ತಿನಿಂದ ನನ್ನ ಫೋನು ದಿನ ಬೆಳಗಾದರೆ ದೋಣಿಯ ಇಂಜಿನ್ ಬೇಕೇ ಎಂದು ಕೇಳುತ್ತಿದೆ.

ಕೊನೆಗೆ ನಾಲ್ಕನೇ ಅಂಗಡಿ. ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳು ಮನೆಯಿಂದಲೇ ಹಳೆಯ ದಾರ ಮಾರುತ್ತಾಳೆ. ಮೆಸೇಜು ಹಾಕಿದ ಕೂಡಲೇ ಉತ್ತರ ಬಂತು: "ಅದೇ ಬಣ್ಣ ಇತ್ತು ಮೇಡಂ. ಉಳಿದಿದ್ದ ಎರಡೂ ಲಡಿ ಹೋದ ತಿಂಗಳು ಚೆನ್ನೈನವರೇ ತಗೊಂಡ್ರು. ಪಲ್ಲಾವರಂ. ಅವರೂ ಕುಂಚಿಗಿಗೇ ಅಂದ್ರು."

ನನ್ನ ಮೈಯೆಲ್ಲ ಉರಿದುಹೋಯಿತು.

ಶುಕ್ರವಾರ ಪಲ್ಲಾವರಂನಲ್ಲಿ ಸಂತೆ. ನೆಪಕ್ಕೆ ಒಂದು ಕೈಚೀಲ ಹಿಡಿದು ನಮ್ಮ ಮನೆ ಹತ್ತಿರದ ಚೆಟ್‌ಪೆಟ್‌ನಲ್ಲಿ ಲೋಕಲ್ ರೈಲು ಹತ್ತಿದೆ. ಚೀಲದ ತಳದಲ್ಲಿ ಸಣ್ಣ ಕತ್ತರಿಯೊಂದಿತ್ತು. ಕದಿಯುವುದು ಎನ್ನುವುದು ದೊಡ್ಡ ಮಾತು. ನನಗೆ ಬೇಕಾದದ್ದು ಒಂದು ಸೊಂಡಿಲಿಗಾಗುವಷ್ಟು.

"ಸಂತಿಗೆ ಬಂದಿದ್ದೆ, ಕೂಸಿನ್ನ ನೋಡಿ ಹೋಗೋಣಂತ" ಎಂದೆ. ಒಳಕೋಣೆಯಲ್ಲಿ ಪ್ರೇರಣಾ, ಕೂಸು ಇಬ್ಬರೂ ಮಲಗಿದ್ದರು. ಗೋದಾಬಾಯಿ ಕಾಫಿ ಮಾಡಲು ಅಡುಗೆಮನೆಗೆ ಹೋದರು. ಕಿಟಕಿಯ ಕಟ್ಟೆಯ ಮೇಲೆ ಅವರ ಹೊಲಿಗೆಯ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ದಾರದ ಲಡಿಗೆ ಸುತ್ತಿದ್ದ ಖಾಲಿ ಚೀಟಿ ಎರಡು. ದಾರ ಒಂದೆಳೆಯೂ ಇಲ್ಲ. ಕೆಳಗೆ ಮಡಿಸಿಟ್ಟಿದ್ದ ಕುಂಚಿಗೆಯನ್ನು ಬಿಚ್ಚಿದೆ.

ಅವರ ಆನೆಗೆ ಸೊಂಡಿಲು ಇತ್ತು. ಕಾಲು ಐದು ಇದ್ದವು.

ಮತ್ತೊಮ್ಮೆ ಎಣಿಸಿದೆ. ಐದೇ. ಅವರದೇ ಪದ್ಧತಿಯಂತೆ ತಿರುವಿ ನೋಡಿದೆ, ಹಿಂದೆಯೂ ಐದು. ಗಂಟು ಮಾತ್ರ ಹುಡುಕಿದರೂ ಇಲ್ಲ.

"ಸಂತಿಗೆ ಬಂದವರು ನನ್ನ ಡಬ್ಬಿಯೊಳಗೇನು ಹುಡುಕ್ಲಿಕ್ಹತ್ತೀರಿ?" ಕಾಫಿ ಹಿಡಿದು ಗೋದಾಬಾಯಿ ಬಾಗಿಲಲ್ಲಿ ನಿಂತಿದ್ದರು.

"ನಾಲ್ಕು ಕಾಲಿನ ಆನಿ ಹುಡುಕ್ತಿದ್ದೆ, ಗೋದಕ್ಕಾರ."

ನಾನು ಜಗಳಕ್ಕೆ ಟೊಂಕ ಕಟ್ಟಿಯೇ ಬಂದಿದ್ದೆ. ಅವರು ಜಗಳವಾಡಲಿಲ್ಲ. ಲೋಟ ಕೆಳಗಿಟ್ಟು, ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ನನ್ನ ಪಕ್ಕ ಕೂತರು.

"ಐದು ಅವ ಏನು?" ಎಂದು ಪಿಸುಗುಟ್ಟಿದರು. "ನನಗ ನಾಲ್ಕ ಅನಿಸಿದ್ವು. ಎರಡೂ ಕಣ್ಣಿಗೆ ಪೊರಿ ಬಂದದ ಜಲಜಾಬಾಯಿ. ಎಳಿ ಎಣಸಲಿಕ್ಕೆ ಆಗವಲ್ದು. ಹಾಕೋದು, ಬಿಚ್ಚೋದು, ಹಿಂಗ ಮಾಡಿ ಎರಡೂ ಲಡಿ ತೀರಿಸೀನಿ. ಪ್ರೇರಣಾಗ ಹೇಳಬ್ಯಾಡ್ರಿ. ಗೊತ್ತಾದ್ರ ಕೂಸಿಗೆ ನೀರು ಹಾಕಲಿಕ್ಕೆ ಬಿಡಂಗಿಲ್ಲ ಆಕಿ. ಅದೊಂದು ಕೆಲಸಕ್ಕ ನಾನು ಬೆಳಗಾಗೋದು ಕಾಯ್ತೇನಿ."

ನನಗೆ ನಿಜಕ್ಕೂ ಕರುಳು ಚುರುಕ್ಕೆಂದಿತು. ಹಾಗಿದ್ದರೂ ನನ್ನ ಕಣ್ಣು ಐದನೇ ಕಾಲನ್ನು ಬಿಟ್ಟು ಕದಲಲಿಲ್ಲ. ಗಂಟಿಲ್ಲದ ಕಸೂತಿಯಲ್ಲೊಂದು ಅನುಕೂಲವಿದೆ. ತುದಿ ಸಿಕ್ಕರೆ ಎಳೆ ಅಖಂಡವಾಗಿ ಬಿಚ್ಚಿಕೊಂಡು ಬರುತ್ತದೆ.

"ಗೋದಕ್ಕಾರ, ಆ ಒಂದು ಕಾಲು ನನಗ ಕೊಡ್ರಿ. ಸೊಂಡಿಲಾಗ್ತದ. ನಿಮ್ಮ ಆನೀನೂ ನೆಟ್ಟಗಾಗ್ತದ."

ಅವರು ಕೂಸು ಎದ್ದೀತೆಂದು ಬಾಯಿಗೆ ಸೆರಗು ಒತ್ತಿ ನಕ್ಕರು, ಭುಜ ಕುಲುಕುವಷ್ಟು ನಕ್ಕರು.

"ಮತ್ತ ಒಂದು ಕರಾರು" ಎಂದೆ. "ಆಪರೇಷನ್ ಆಗೋ ತನಕ ಕೂಸಿಗೆ ನೀರು ಹಾಕುವಾಗ ಪ್ರೇರಣಾ ಬಾಜೂಕ ಇರಬೇಕು. ನಾಮಕರಣ ಮುಗಿದ ಸೋಮವಾರ ಕೀಲ್ಪಾಕಿಗೆ ಬರ್ರಿ, ನಮ್ಮ ಮನಿ ಹತ್ರನ ಕಣ್ಣಿನ ಡಾಕ್ಟರ್ ಇದ್ದಾರ. ಬರದಿದ್ರ ಐದನೇ ಕಾಲಿನ ಸುದ್ದಿ ನಮ್ಮ ಮಂದಿಗೆಲ್ಲಾ ಮುಟ್ಟಿಸ್ತೀನಿ."

"ಭಾಳ ಕಿಲಾಡಿ ಇದ್ದೀರಿ" ಅಂದರು ಗೋದಾಬಾಯಿ. ಒಪ್ಪಿದರು.

ನಾನು ತಂದಿದ್ದ ಕತ್ತರಿ ಕೆಲಸಕ್ಕೆ ಬರಲಿಲ್ಲ, ಸೂಜಿಯ ಮೊನೆಯಲ್ಲೇ ಕಾಲು ಬಿಚ್ಚಿತು. ಎಳೆ ಸುಕ್ಕುಸುಕ್ಕಾಗಿತ್ತು. ಕಾಫಿ ಲೋಟದ ಹಬೆಗೆ ಹಿಡಿದು ನೇರ ಮಾಡಿದೆವು. ಮನೆಗೆ ಬಂದು ಸೊಂಡಿಲು ಹಾಕಲು ಕೂತೆ. ಹಳೆಯ ಎಳೆ, ಎರಡನೇ ಬಾರಿ ಬಟ್ಟೆ ಹೊಕ್ಕದ್ದು. ಸೊಂಡಿಲ ತುದಿಗೆ ಬಂದಾಗ ಪಟ್ಟನೆ ಹರಿಯಿತು. ಬೇರೆ ದಾರ ಭೂಮಿಯ ಮೇಲೇ ಇಲ್ಲ. ಏನು ಮಾಡಲಿ? ಸಾಸಿವೆಗಿಂತ ಸಣ್ಣ ಗಂಟೊಂದು ಹಾಕಿ ಮುಗಿಸಿದೆ.

ನಾಮಕರಣದ ದಿನ ಪಲ್ಲಾವರಂ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋದಾಬಾಯಿಯ ಕೈಯಲ್ಲೂ ಕುಂಚಿಗೆ, ನನ್ನ ಕೈಯಲ್ಲೂ ಕುಂಚಿಗೆ. ಯಾರದು ಕಟ್ಟುತ್ತಾರೋ ನೋಡೋಣವೆಂದು ಹೆಂಗಸರೆಲ್ಲ ಮುಂದೆ ಸರಿದು ಕೂತರು. ಗೋದಾಬಾಯಿ ತಮ್ಮದನ್ನು ಮಗಳ ಕೈಗೆ ಕೊಟ್ಟು, "ಮೊದಲು ಸೋದರತ್ತಿದು" ಅಂದರು. ಅಷ್ಟಕ್ಕೇ ಬಿಡಬಾರದಿತ್ತೇ? ಅಭ್ಯಾಸಬಲ. ನನ್ನ ಕೈಯಿಂದ ಕುಂಚಿಗೆ ತೆಗೆದುಕೊಂಡು, ಎಲ್ಲರ ಮುಂದೆ ತಿರುವಿದರು.

ಅವರಿಗೆ ಕಣ್ಣು ಕಾಣದ್ದು ನನಗೊಬ್ಬಳಿಗೇ ಗೊತ್ತು. ಅವರು ಬೆರಳಿನಿಂದ ನೋಡುತ್ತಿದ್ದರು. ಬೆರಳು ಬೆನ್ನಿನ ಮೇಲೆ ಹೋಯಿತು, ಸೊಂಡಿಲಿಗೆ ಇಳಿಯಿತು, ತುದಿಗೆ ಬಂದು ನಿಂತಿತು.

"ಒಂದೂ ಗಂಟಿಲ್ಲ!" ಅಂದರು, ಬೀದಿಗೆಲ್ಲ ಕೇಳುವಂತೆ. "ಸೊಂಡಿಲಂತೂ ಅಗದೀ ಗಟ್ಟಿ ಅದ. ಕಾಲಿನ ಬಲ ಅದ ಇದಕ್ಕ."

ಸೊಂಡಿಲಿಗೆ ಕಾಲಿನ ಬಲ ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ. ನಾನು ನಗು ನುಂಗಿಕೊಂಡು ಕೂಸಿನ ತಲೆಗೆ ಕುಂಚಿಗೆ ಕಟ್ಟಿದೆ, ಕಿವಿಯಲ್ಲಿ ಹೆಸರು ಹೇಳಿದೆ. ಹೇಳಿ ತಲೆ ಎತ್ತುವಷ್ಟರಲ್ಲಿ ಗೋದಾಬಾಯಿ ನನ್ನ ಕಿವಿಗೆ ಬಾಗಿದರು.

"ಸೋಮವಾರ ಬರ್ತೇನಿ. ಕಣ್ಣು ತಿಳಿಯಾದ ಮ್ಯಾಲೆ ಆ ಗಂಟು ಬಿಚ್ಚೋಣಂತ."