ಒಂಬತ್ತು ಶೀಶೆಗಳ ಗುರುವಾರ

ಒಂಬತ್ತು ಕುಳಿಗಳ ಗಾಲ್ಫ್ ಮೈದಾನ, ಒಂಬತ್ತು ಶೀಶೆಗಳ ಮರದ ಪೆಟ್ಟಿಗೆ, ಇಬ್ಬರು ಗಂಡಸರು. ಮೈದಾನದ ಹುಲ್ಲು ನೋಡಿಕೊಳ್ಳುವ ಮಾಲಿ ಈ ಕಥೆಯನ್ನು ಹೀಗೆ ಎಣಿಸಿಯೇ ಆರಂಭಿಸುತ್ತಾರೆ. ನಾನು ಇದನ್ನು ಮೊದಲು ಕೇಳಿದ್ದು ಅವರಿಂದ. ಆಮೇಲೆ ಕಥೆಯೊಳಗಿನ ಹಿರಿಯರಿಂದಲೇ ಮತ್ತೊಮ್ಮೆ ಕೇಳಿ ತಾಳೆ ನೋಡಿದ್ದೇನೆ. ಪೆಟ್ಟಿಗೆಯ ಒಳಬಟ್ಟೆ ಕೆಂಪೆಂದು ಮಾಲಿ ಹೇಳುತ್ತಾರೆ, ಹಿರಿಯರು ಹಸಿರೆನ್ನುತ್ತಾರೆ. ಅದೊಂದನ್ನು ಬಿಟ್ಟರೆ ಎರಡು ಹೇಳಿಕೆಗಳಲ್ಲಿ ಭೇದವಿಲ್ಲ.

ಆ ಹಿರಿಯರನ್ನು ಮೈದಾನದಲ್ಲಿ ಎಲ್ಲರೂ ಘಮರಾಯರು ಎನ್ನುತ್ತಿದ್ದರು. ವಿಸ್ಕಿ ಕಾರ್ಖಾನೆಯ ಮಿಶ್ರಣದ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಯಾವ ಪೀಪಾಯಿಯದನ್ನು ಯಾವುದರೊಂದಿಗೆ ಎಷ್ಟು ಬೆರೆಸಬೇಕೆಂದು ಮೂಸಿ ಹೇಳುವುದು ಅವರ ಕೆಲಸ. ಮೂಸುವುದು, ನಾಲಗೆಯ ಮೇಲೆ ಹೊರಳಿಸುವುದು, ಉಗುಳುವುದು, ನುಂಗುವಂತಿರಲಿಲ್ಲ. ಜೊತೆಗಾರರು ಅವರ ಹೆಂಡತಿಯ ತಮ್ಮ, ಹಲ್ಲಿನ ಡಾಕ್ಟರು. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಘಮರಾಯರ ಮನೆಯ ಕರೆಗಂಟೆ ಒತ್ತುವ ನೆಂಟರೆಂದರೆ ಈ ಭಾವಮೈದುನ ಒಬ್ಬರೇ. ಅದೂ ವಾರಕ್ಕೊಮ್ಮೆ, ಗುರುವಾರ, ದವಾಖಾನೆ ಸಂಜೆ ಮಾತ್ರ ತೆರೆಯುವ ದಿನ.

ಆರು ವರ್ಷದ ಹಿಂದೆ, ಘಮರಾಯರು ನಿವೃತ್ತರಾದ ಹೊಸದರಲ್ಲಿ, ಇಬ್ಬರೂ ಆಡಲು ತೊಡಗಿದರು. ಡಾಕ್ಟರ ಆಟ ಆಗ ನೋಡುವಂತಿರಲಿಲ್ಲ. ದೂರದ ಹೊಡೆತ ಹೇಗೋ ದಾಟಿಕೊಳ್ಳುತ್ತಿತ್ತು; ಕುಳಿಯ ಸಮೀಪದ ನುಣ್ಣನೆಯ ಹುಲ್ಲಿಗೆ ಬಂದು, ಚೆಂಡನ್ನು ಮೆಲ್ಲಗೆ ಉರುಳಿಸಬೇಕಾದಾಗ ಕೈ ಅವಸರಪಡುತ್ತಿತ್ತು.

"ರೋಗಿ ಬಾಯಿ ಮುಚ್ಚೋದ್ರೊಳಗೆ ಕೆಲಸ ಮುಗಿಸಿ ಅಭ್ಯಾಸ ಭಾವ," ಎಂದು ಡಾಕ್ಟರು ಸಮಜಾಯಿಷಿ ಕೊಡುತ್ತಿದ್ದರು.

"ಈ ಕುಳಿ ಬಾಯಿ ಮುಚ್ಚಲ್ಲಪ್ಪ. ಬೆಳಗಿಂದ ತೆರ್ಕೊಂಡೇ ಕೂತಿದೆ."

ಆ ಅವಸರಕ್ಕೆ ಘಮರಾಯರು ತಮ್ಮ ಕಸುಬಿನಲ್ಲಿದ್ದ ಮದ್ದನ್ನೇ ತಂದರು. ಪ್ರತಿ ಕುಳಿಯ ಬಳಿ ಒಂದು ಶೀಶೆ, ಒಂದೊಂದರಲ್ಲೂ ಬೇರೆ ವಿಸ್ಕಿ. ಗಾಜಿನ ಬಟ್ಟಲಿಗೆ ಅರ್ಧ ಚಮಚ ವಿಸ್ಕಿ, ನಾಲ್ಕು ಹನಿ ನೀರು. ಮೂರು ಸಲ ಮೂಸಬೇಕು, ನಡುನಡುವೆ ಉಸಿರು ಪೂರ್ತಿ ಬಿಡಬೇಕು. ಮೊದಲ ಸಲ ಬರಿಯ ಘಾಟು, ಎರಡನೆಯ ಸಲ ಹಣ್ಣು, ಮೂರನೆಯ ಸಲ ಮರ. ಘಮರಾಯರು ಏನೇನು ಸಿಕ್ಕಿತೆಂದು ನಿಧಾನವಾಗಿ ಹೇಳುವರು, ಡಾಕ್ಟರು ಹೂಂಗುಟ್ಟುವರು, ಬಳಿಕವೇ ಕೋಲೆತ್ತುವುದು. ಮೂರನೆಯ ಉಸಿರಿನ ಹೊತ್ತಿಗೆ ಡಾಕ್ಟರ ಭುಜ ತಾನಾಗಿ ಕೆಳಗಿಳಿಯುತ್ತಿತ್ತು.

ಬಟ್ಟಲಿನದನ್ನು ನಾಲಗೆಗೆ ತಾಗಿಸಿ ಹುಲ್ಲಿಗೆ ಉಗುಳುವುದನ್ನು ಕಂಡು ಮಾಲಿ ತಕರಾರು ತೆಗೆದರು.

"ಸ್ವಾಮಿ, ನಾನು ನೀರು ಹಾಕಿ ಬೆಳೆಸೋದು, ನೀವು ಉಗುಳಿ ಸುಡೋದು. ಇದು ನ್ಯಾಯಾನಾ?"

"ಇವರಿಗೆ ಹೇಳಪ್ಪ," ಎಂದರು ಘಮರಾಯರು, "ದಿನಕ್ಕೆ ನಲವತ್ತು ಜನಕ್ಕೆ ಉಗುಳಿ ಅಂತ ಹೇಳೋ ಮನುಷ್ಯ."

ಅಂದಿನಿಂದ ಮಾಲಿ ಒಂದು ಬಣ್ಣದ ಡಬ್ಬಿಯನ್ನು ಕುಳಿಯಿಂದ ಕುಳಿಗೆ ಅವರ ಹಿಂದೆಯೇ ಒಯ್ಯತೊಡಗಿದರು. ಮಾತಿನ ರುಚಿಗೆ ಒಯ್ಯುತ್ತಿದ್ದೆನೇ ಹೊರತು ಹುಲ್ಲಿನ ಚಿಂತೆಗಲ್ಲ ಎಂದು ಈಗ ಒಪ್ಪಿಕೊಳ್ಳುತ್ತಾರೆ. ಒಂಬತ್ತಕ್ಕೆ ಆರಂಭವಾದ ಆಟ ಮುಗಿಯುವಾಗ ಮಧ್ಯಾಹ್ನ ಒಂದು ಗಂಟೆ. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಆಟ ಮೇಲು; ಅರವತ್ಮೂರು ಹೊಡೆತಗಳಲ್ಲಿ ಒಂಬತ್ತು ಕುಳಿ ಮುಗಿಸುತ್ತಿದ್ದ ಡಾಕ್ಟರು ಆರು ವರ್ಷಗಳಲ್ಲಿ ನಲವತ್ತೆಂಟಕ್ಕೆ ಇಳಿದರು.

ಹೀಗಿರುವಾಗ ಘಮರಾಯರಿಗೆ ಹತ್ತು ದಿನ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕೊಂಡೊಯ್ದಿತು. ಅದು ತಿಳಿದದ್ದು ಪಕ್ಕದ ಮನೆಯವರು ಬಾಗಿಲು ಬಡಿದಾಗ. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಿಯಾಗಿ ಹೊಗೆಯೆದ್ದಿತ್ತು. ಇವರು ನಡುಕೋಣೆಯಲ್ಲಿ ಬೆನ್ನು ಹಾಕಿ ಕುಳಿತು ಪತ್ರಿಕೆ ಓದುತ್ತಿದ್ದರು. ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ವೈದ್ಯರು ಹೇಳಿದರು. ವಿಸ್ಕಿ ನಾಲಗೆಗೆ ಈಗ ಬರಿಯ ಉರಿ, ಹಿಂದೆ ಸ್ವಲ್ಪ ಸಿಹಿ, ಅಷ್ಟೇ.

ಅವರು ಇದನ್ನು ಯಾರಿಗೂ ಹೇಳಲಿಲ್ಲ. ಭಾವಮೈದುನ ಬರುವುದು ತಮ್ಮ ಮೂಗಿಗಾಗಿ, ಮೂಗು ಹೋದರೆ ಗುರುವಾರವೂ ಹೋಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಗುರುವಾರವೂ ಉಳಿದವುಗಳಂತಾದರೆ ವಾರವೆಂದರೆ ಒಂದರಂತೆ ಇನ್ನೊಂದಿರುವ ಏಳು ದಿನ. ಆದ್ದರಿಂದ ಪ್ರತಿ ಬುಧವಾರ ಹಳೆಯ ಟಿಪ್ಪಣಿ ಪುಸ್ತಕ ತೆರೆದು, ಯಾವ ಅಂಕಿಯ ಶೀಶೆಗೆ ಹಿಂದೆ ಏನು ಬರೆದಿದ್ದರೋ ಅದನ್ನು ಉರು ಹೊಡೆದರು. ನಾಲ್ಕು ತಿಂಗಳು ಹಾಗೆಯೇ ಸಾಗಿತು.

ಕಾರ್ಖಾನೆಯಲ್ಲಿ ಅಂಕಿಯನ್ನು ಶೀಶೆಯ ಮೇಲೂ ಮುಚ್ಚಳದ ಮೇಲೂ ಬರೆಯುವುದು ಕಡ್ಡಾಯ. ಮನೆಯಲ್ಲಿ ಮುಚ್ಚಳದ ಮೇಲೆ ಮಾತ್ರ ಬರೆದಿದ್ದರು. ಮಿಕ್ಕಿದ್ದನ್ನು ಮೂಗು ನೋಡಿಕೊಳ್ಳುತ್ತಿತ್ತು. ಒಂದು ಬುಧವಾರ ಒಂಬತ್ತನ್ನೂ ತುಂಬಿಸಿ, ಮುಚ್ಚಳಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಾಗ ಬಾಗಿಲಿಗೆ ಯಾರೋ ವಿಳಾಸ ಕೇಳಲು ಬಂದರು. ಹಿಂದಿರುಗಿದ ಘಮರಾಯರು, ಚೆಲ್ಲಿದ್ದನ್ನು ಒರೆಸುವ ಭರದಲ್ಲಿ ಮುಚ್ಚಳಗಳನ್ನೂ ಒಟ್ಟಿಗೆ ಬದಿಗೆ ಸರಿಸಿ ಸಾಲು ಕೆಡಿಸಿಬಿಟ್ಟರು. ಮಿಶ್ರಣದ ಕೋಣೆಯ ಮನುಷ್ಯ ಕಣ್ಣು ಮುಚ್ಚಿಕೊಂಡು ಸರಿಪಡಿಸಬೇಕಾದ ತಪ್ಪು ಅದು. ಅವರು ಕಣ್ಣು ತೆರೆದುಕೊಂಡು, ಬಣ್ಣದ ಅಂದಾಜಿನ ಮೇಲೆ, ಒಂದೊಂದಾಗಿ ಮುಚ್ಚಿದರು.

ಮರುದಿನ ನಾಲ್ಕನೆಯ ಕುಳಿಯ ಬಳಿ ನಾಲ್ಕನೆಯ ಮುಚ್ಚಳ ತೆರೆದರು. ಮೂರು ಸಲ ಮೂಸುವ ಶಾಸ್ತ್ರವೂ ಆಯಿತು.

"ಮುಂದೆ ಜೇನು," ಎಂದರು ಘಮರಾಯರು. "ಅದರ ಹಿಂದೆ ಒಣದ್ರಾಕ್ಷಿ. ಕೊನೆಗೆ, ಹಳೇ ಪುಸ್ತಕದ ಕಪಾಟು ತೆಗೆದಾಗ ಬರುತ್ತಲ್ಲ, ಅದು."

"ಕಪಾಟು ಚೆನ್ನಾಗಿ ಬರ್ತಿದೆ ಭಾವ," ಎಂದು ಡಾಕ್ಟರು ಬಟ್ಟಲು ಮರಳಿಸಿದರು.

ಡಬ್ಬಿ ಹಿಡಿದು ಬಗ್ಗಿದ ಮಾಲಿ ಮೂಗು ಸುಕ್ಕಿಸಿದರು. "ಏನ್ ಸ್ವಾಮಿ ಇದು, ಹೊಗೆ ವಾಸನೆ. ಒಲೆಗೆ ನೀರು ಹೊಯ್ದಂಗೆ ಇದೆ."

ಒಂಬತ್ತರಲ್ಲಿ ಹೊಗೆಯದು ಒಂದೇ, ಏಳನೆಯದು. ಸಿಕ್ಕಿಬಿದ್ದೆನೆಂದು ಘಮರಾಯರು ಭಾವಮೈದುನನ ಮುಖ ನೋಡಿದರು. ಡಾಕ್ಟರು ಆಗಲೇ ಚೆಂಡಿನ ಮುಂದೆ ನಿಂತು, ಶಾಂತವಾಗಿ ತಳ್ಳಿ, ಕುಳಿಗೆ ಹಾಕಿದ್ದರು. ಒಲೆಯಷ್ಟು ಹೊಗೆಯಿರುವ ಬಟ್ಟಲಿನಲ್ಲಿ ಅವರಿಗೆ ಪುಸ್ತಕದ ಕಪಾಟು ಕಂಡಿತ್ತು.

ಐದನೆಯ ಕುಳಿಯಲ್ಲಿ ಘಮರಾಯರು ಟಿಪ್ಪಣಿ ಪುಸ್ತಕದ ಪಾಠವನ್ನು ಬೇಕೆಂದೇ ಬಿಟ್ಟರು. "ಇದರಲ್ಲಿ ಒದ್ದೆ ಛತ್ರಿ," ಎಂದರು. "ಸೈಕಲ್ ಚೈನಿನ ತುಕ್ಕು. ಪೋಸ್ಟಾಫೀಸಿನ ಗೋಂದು."

"ಗೋಂದು ಒಂಚೂರು ಜಾಸ್ತೀನೇ ಇದೆ," ಎಂದರು ಡಾಕ್ಟರು.

ಆರನೆಯದರಲ್ಲಿ ಬಟ್ಟಲನ್ನು ಅವರ ಕೈಗೇ ಕೊಟ್ಟರು. "ಇವತ್ತು ನೀನು ಹೇಳು."

"ನೀವು ಹೇಳಿದ್ರೇನೇ ಚೆಂದ ಭಾವ."

ಉಳಿದ ಮೂರು ಕುಳಿಗಳನ್ನು ಘಮರಾಯರು ಒಂದೆರಡು ಮಾತಿನಲ್ಲಿ ಮುಗಿಸಿದರು. ಡಾಕ್ಟರ ಲೆಕ್ಕ ಅಂದು ನಲವತ್ನಾಲ್ಕಕ್ಕೆ ನಿಂತಿತು. ಅವರ ಜೀವಮಾನದ ಅತ್ಯುತ್ತಮ ಆಟ. ಒಂಬತ್ತನೆಯ ಕುಳಿಯ ಪಕ್ಕದ ಬೆಂಚಿನಲ್ಲಿ ಕುಳಿತು ಅವರು ಚೀಟಿಯನ್ನು ಎರಡೆರಡು ಸಲ ಕೂಡಿ ನೋಡುತ್ತಿದ್ದಾಗ ಘಮರಾಯರು ಹೇಳಿದರು.

"ನನಗೆ ವಾಸನೆ ಬರಲ್ಲ. ನಾಲ್ಕು ತಿಂಗಳಾಯ್ತು."

ಡಾಕ್ಟರು ಚೀಟಿ ಮಡಿಸಿದರು. ಅವರ ಮುಖದಲ್ಲಿ ಕಂಡದ್ದು ಮರುಕವಲ್ಲ, ನಿರಾಳ ಎಂದು ಘಮರಾಯರು ನನಗೆ ಒತ್ತಿ ಹೇಳಿದ್ದಾರೆ.

"ಮೊದಲೇ ಹೇಳ್ಬಾರ್ದಿತ್ತಾ ಭಾವ. ನನಗಂತೂ ಯಾವತ್ತೂ ಬಂದಿಲ್ಲ. ಹಲ್ಲಿನ ಗುಂಡಿಗೆ ಲವಂಗದೆಣ್ಣೆ ಹಾಕಿ ಹಾಕಿ, ಮೂಗಿನ ತುಂಬ ಅದೇ. ಊಟಕ್ಕೂ ಲವಂಗ, ಸೋಪಿಗೂ ಲವಂಗ. ನಿಮ್ಮ ಒಂಬತ್ತು ಶೀಶೆಗೂ ಲವಂಗ."

"ಮತ್ತೆ ಆರು ವರ್ಷ ಹೂಂ ಅಂದಿದ್ದು?"

"ಅಕ್ಕ ಹೇಳಿದ್ಲು. ಅವರು ವಾಸನೆ ವಿಷಯ ಮಾತಾಡೋವಾಗ ಅಡ್ಡ ಬಾಯಿ ಹಾಕ್ಬೇಡ, ಹೂಂ ಅಂದ್ಕೊಂಡಿರು ಅಂತ."

ಘಮರಾಯರು ಪೆಟ್ಟಿಗೆ ಮುಚ್ಚಿದರು. "ಅವಳಿಗಾದ್ರೂ ಬರ್ತಿತ್ತಾ?"

"ಅದನ್ನ ನಾನು ಕೇಳಲಿಲ್ಲ," ಎಂದರು ಡಾಕ್ಟರು. ಬಳಿಕ ಎದ್ದು, ಪ್ರೀತಿಯಿಂದಲೇ ಪೆಟ್ಟಿಗೆಯನ್ನು ತಮ್ಮ ಕೈಗೆ ತೆಗೆದುಕೊಂಡರು. "ಇನ್ಮೇಲೆ ಇದನ್ನ ಹೊರೋದು ಬೇಡ ಬಿಡಿ. ಸೊಂಟ ನೋವು ಅಂತ ಬೇರೆ ಹೇಳ್ತಿದ್ರಿ. ಸುಮ್ನೆ ಆಡೋಣ."

"ಹೌದು," ಎಂದರು ಘಮರಾಯರು. "ಭಾರ ಇತ್ತು."

ಡಾಕ್ಟರು ಬರುವುದನ್ನು ನಿಲ್ಲಿಸಲಿಲ್ಲ. ಈ ಮಾತನ್ನು ಇಬ್ಬರು ಹೇಳುಗರೂ ಮೊದಲು ಹೇಳುತ್ತಾರೆ, ಅವರ ಮೇಲೆ ಅಪವಾದ ಬರಬಾರದೆಂದು. ಪ್ರತಿ ಗುರುವಾರ ಎಂಟೂವರೆಗೆ ಸರಿಯಾಗಿ ಕರೆಗಂಟೆ ಸದ್ದು ಮಾಡುತ್ತದೆ. ಪೆಟ್ಟಿಗೆಯಿಲ್ಲದ ಆಟ ಹನ್ನೊಂದಕ್ಕೇ ಮುಗಿಯುತ್ತದೆ. ನಲವತ್ತೈದು, ನಲವತ್ನಾಲ್ಕು: ಆಟ ಕೆಡಲಿಲ್ಲ. ಕುಳಿಯ ಮುಂದೆ ಡಾಕ್ಟರು ತಾವಾಗಿ ಮೂರು ಉಸಿರಿನಷ್ಟು ಹೊತ್ತು ನಿಲ್ಲುತ್ತಾರೆ. ಯಾರೂ ಏನೂ ಹೇಳಬೇಕಾಗಿಲ್ಲ. ಮೊದಲ ವಾರ ಘಮರಾಯರು ಆ ಮೂರನೆಯ ಉಸಿರಿಗೆ ಬಾಯಿ ತೆರೆದು, ಹಾಗೆಯೇ ಮುಚ್ಚಿದ್ದನ್ನು ಮಾಲಿ ಕಂಡಿದ್ದಾರೆ. ಮಾತೆಂದರೆ ಮಂಡಿನೋವಿನದು, ಮೋಡದ್ದು. ಆಟ ಮುಗಿದೊಡನೆ ಡಾಕ್ಟರು, "ಬರ್ಲಾ ಭಾವ, ಮನೇಲಿ ಊಟಕ್ಕೆ ಕಾಯ್ತಿರ್ತಾಳೆ," ಎಂದು ಹೊರಡುತ್ತಾರೆ. ಮಾಲಿಯ ಡಬ್ಬಿಗೂ ಕೆಲಸವಿಲ್ಲ; ಅದರಲ್ಲೀಗ ಮೊಳೆಗಳಿವೆ.

ಘಮರಾಯರು ಆ ಬೆಂಚಿನಲ್ಲೇ ಕೂರುತ್ತಾರೆ.

"ಮನೆಗೆ ಹೋಗಲ್ವಾ ಸ್ವಾಮಿ?" ಎಂದು ಮಾಲಿ ಒಮ್ಮೆ ಕೇಳಿದರಂತೆ.

"ಒಂದು ಗಂಟೆ ಆಗ್ಲಿ."

"ಒಂದು ಗಂಟೆಗೆ ಏನಿದೆ?"

"ಏನೂ ಇಲ್ಲ. ಆಗ್ಲಿ ಅಂತ."

ಹುಲ್ಲು ಕತ್ತರಿಸುವ ಯಂತ್ರ ಹಿಡಿದು ಮಾಲಿ ಆ ಬದಿಗೆ ಬರುವುದು ಹನ್ನೆರಡರ ಸುಮಾರಿಗೆ. ಯಂತ್ರ ಇನ್ನೂ ದೂರವಿರುವಾಗಲೇ ಘಮರಾಯರು, ಮನೆಯಲ್ಲಿ ಯಾರೋ ಕಸ ಗುಡಿಸಲು ಬಂದಾಗ ಎತ್ತುವಂತೆ, ಎರಡೂ ಕಾಲುಗಳನ್ನು ನೆಲದಿಂದ ಎತ್ತಿಕೊಳ್ಳುತ್ತಾರೆ. ಯಂತ್ರ ಬೆಂಚನ್ನು ದಾಟಿ, ಎಂಟನೆಯ ಕುಳಿಯತ್ತ ಹೋದ ಮೇಲೂ ಕಾಲುಗಳು ಹಾಗೆಯೇ ಇರುತ್ತವೆ. ಇಳಿಸಿ ಸ್ವಾಮಿ ಎಂದು ಮಾಲಿ ಅಲ್ಲಿಂದಲೇ ಕೂಗಿ ಹೇಳುತ್ತಾರೆ. ಸದ್ದಿನಲ್ಲಿ ಅವರಿಗೆ ಕೇಳಿಸುವುದಿಲ್ಲ.