ಎರಡನೇ ಬ್ರೇಕ್ ಇಲ್ಲದ ಕಾರು

ನಾನು ಎರಡೇ ಸೀಟಿನ, ಕೆಂಪು ಬಣ್ಣದ ಒಂದು ಸ್ಪೋರ್ಟ್ಸ್ ಕಾರು. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ನನ್ನನ್ನು ಬಿಗಿದರು, ಉಜ್ಜಿದರು. ಕೊನೆಗೆ ಒಬ್ಬಾತ ಬಾನೆಟ್ಟಿನ ಮೇಲೆ ಅಂಗೈಯಿಂದ ತಟ್ಟಿ ಹೊರಗೆ ಕಳಿಸಿದ. ಅದು ಪ್ರೀತಿಯ ತಟ್ಟೋ, ಪೀಡೆ ತೊಲಗಿತೆಂಬ ತಟ್ಟೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಹೊಟ್ಟೆಗೂ ನೆಲಕ್ಕೂ ನಾಲ್ಕು ಬೆರಳಿನ ಅಂತರ. ಹಾಗಾಗಿ ಯಾರೇ ಬರಲಿ, ನನಗೆ ಮೊದಲು ಕಾಣುವುದು ಅವರ ಚಪ್ಪಲಿ.

ನನ್ನ ಮೊದಲ ಯಜಮಾನರು ಬೆಳಗಾವಿಯ ಒಬ್ಬ ಗ್ರಾನೈಟ್ ವ್ಯಾಪಾರಿ. ಮದುವೆ ಮಂಟಪಗಳ ಮುಂದೆ ನಿಲ್ಲಿಸಲೆಂದೇ ನನ್ನನ್ನು ತಂದಿದ್ದರು. ದಾರಿಯಲ್ಲಿ ರಸ್ತೆ ಉಬ್ಬು ಬಂದಾಗಲೆಲ್ಲ ನನ್ನ ಹೊಟ್ಟೆ ತರಚುತ್ತಿತ್ತು, ಅವರ ಹೊಟ್ಟೆ ಉರಿಯುತ್ತಿತ್ತು. ಐದು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಅವರ ಮೈ ಬೆಳೆದುಬಿಟ್ಟಿತ್ತು. ಒಂದು ಆರತಕ್ಷತೆಯ ಮುಂದೆ, ನೆಂಟರೆಲ್ಲ ನೋಡುತ್ತಿರುವಾಗ, ಒಳಗೆ ಕೂತವರಿಗೆ ಹೊರಗೆ ಬರಲಾಗಲಿಲ್ಲ. ಇಬ್ಬರು ಕೈಹಿಡಿದು ಎಳೆದರು. ಮರುವಾರವೇ ನನ್ನನ್ನು ಮಾರಾಟಕ್ಕಿಟ್ಟರು.

ನೋಡಲು ಬಂದವು ಒಂದು ಜೊತೆ ಕ್ಯಾನ್ವಾಸ್ ಶೂ. ಬಲಗಾಲಿನದರ ಅಟ್ಟೆ ಪೂರಾ ಸವೆದಿತ್ತು. ಅವರು ಹುಬ್ಬಳ್ಳಿಯ ಚನ್ನವೀರ ಹಾವನೂರ ಮಾಸ್ತರು. ಇಪ್ಪತ್ತೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಎಡಗಡೆ ಸೀಟಿನಲ್ಲಿ ಕೂತು, ಕಲಿಯುವವರು ಗಾಬರಿಯಾದಾಗ ತಮ್ಮ ಕಾಲಡಿಯ ಎರಡನೇ ಬ್ರೇಕ್ ಒತ್ತಿ ಒತ್ತಿ ಅವರ ಶೂ ಸವೆದಿತ್ತು. ಇಷ್ಟು ವರ್ಷದಲ್ಲಿ ತಾವಾಗಿ ಗಂಟೆಗೆ ನಲವತ್ತು ಕಿಲೋಮೀಟರಿನ ಮೇಲೆ ಹೋದವರಲ್ಲ. ಭಾನುವಾರವಾದರೂ ಒಮ್ಮೆ ಜೋರಾಗಿ ಓಡಿಸಬೇಕೆಂಬ ಚಪಲ ಹುಟ್ಟಿತ್ತು.

ಸ್ಪೋರ್ಟ್ಸ್ ಕಾರು ಕೊಳ್ಳುವವರು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ. ಮಾಸ್ತರು ಕನ್ನಡಿ ಸರಿಮಾಡಿ, ಹಾರ್ನ್ ಒತ್ತಿ, ಎರಡೂ ಕಡೆ ಇಂಡಿಕೇಟರ್ ಹಾಕಿ ನೋಡಿದರು. ಆಮೇಲೆ ಜೊತೆಗೆ ಬಂದಿದ್ದ ಮೆಕ್ಯಾನಿಕ್‌ಗೆ, "ಎಡಗಡೆ ಇನ್ನೊಂದ್ ಬ್ರೇಕ್ ಕೂಡ್ಸಾಕ ಬರ್ತೈತೇನು?" ಎಂದು ಕೇಳಿದರು.

"ಜಾಗಾನ ಇಲ್ರಿ ಮಾಸ್ತರ."

"ಇರ್ಲಿ ಬಿಡು. ಓಡ್ಸಾವ ನಾನ ಅಲ್ಲ?"

ಹೀಗೆ ನಾನು ಹುಬ್ಬಳ್ಳಿಗೆ ಬಂದೆ. ಊರ ಹೊರಗೆ ಮುಚ್ಚಿಹೋದ ಹತ್ತಿ ಗಿರಣಿಯ ಅಂಗಳವಿತ್ತು. ಭಾನುವಾರ ಬೆಳಿಗ್ಗೆ ಹತ್ತಿಪ್ಪತ್ತು ಕಾರುಗಳು ಅಲ್ಲಿ ಸೇರುತ್ತಿದ್ದವು. ಪ್ಲಾಸ್ಟಿಕ್ ಕೋನ್‌ಗಳ ನಡುವೆ ಹಾವಿನಂತೆ ಹೊರಳಿ, ಕೊನೆಯ ಬಿಳಿ ಗೆರೆ ದಾಟಬೇಕು. ಯಾರು ಬೇಗ ದಾಟುತ್ತಾರೋ ಅವರು ಗೆದ್ದಂತೆ. ವಾಚು ಹಿಡಿಯುವವಳು ಜಬೀನಾ, ಕೊರಿಯರ್ ವ್ಯಾನ್ ಓಡಿಸುವ ಹುಡುಗಿ, ಮಾಸ್ತರ ಹಳೇ ಶಿಷ್ಯೆ.

ಮೊದಲ ದಿನ ನನಗೆ ಮೈಯೆಲ್ಲ ಹುರುಪು. ನಾನು ಹುಟ್ಟಿದ್ದೇ ಇದಕ್ಕೆ ತಾನೆ? ಮಾಸ್ತರು ಪ್ರತಿ ಕೋನ್‌ಗೂ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ ತಿರುಗಿಸಿದರು. ಕೊನೆಗೆ ಬಿಳಿ ಗೆರೆಗೆ ಒಂದು ಮೊಳ ಹಿಂದೆಯೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದರು.

"ಮಾಸ್ತರ, ಗೆರಿ ದಾಟ್ರಿ. ವಾಚ್ ಇನ್ನೂ ಓಡಾಕತ್ತೈತಿ," ಎಂದಳು ಜಬೀನಾ.

"ಗೆರಿ ಹಿಂದ ನಿಲ್ಲಬೇಕಂತ ನಿನಗ ಕಲಿಸಿದಾವ ನಾನಲ್ಲೇನವಾ?" ಎಂದರು ಮಾಸ್ತರು. ಎಲ್ಲರೂ ನಕ್ಕರು. ಅವರೂ ನಕ್ಕರು. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ.

ಒಂದು ವರ್ಷ ನಾವೇ ಕೊನೆ. ಮಾಸ್ತರ ಹೆಂಡತಿ ದಾನಮ್ಮ ಪ್ರತಿ ಭಾನುವಾರ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಬೇವಿನ ಮರದಡಿ ಕೂರುತ್ತಿದ್ದರು. ಮಾತು ಕಡಿಮೆ, ನೋಟ ಜಾಸ್ತಿ. ಯಾವ ತಿರುವಿನಲ್ಲಿ ಯಾರು ಗೇರ್ ಇಳಿಸಿದರೆಂದು ಅವರಿಗೆ ಬಾಯಿಪಾಠವಾಗಿತ್ತು. ಒಂದು ಭಾನುವಾರ, ಮಾಸ್ತರು ಚಹಾ ಕುಡಿಯುತ್ತಿದ್ದಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಬಂದರು.

"ಕೀಲಿ ಕೊಡ್ರಿ. ನಾ ಒಂದ್ ಸುತ್ತು ಹೊಡೀತೀನಿ."

"ಲೈಸೆನ್ಸ್ ಇಲ್ದ?" ಎಂದು ಮಾಸ್ತರು ನಕ್ಕರು.

ದಾನಮ್ಮ ಚೀಲದಿಂದ ಹೊಸ ಲೈಸೆನ್ಸ್ ತೆಗೆದು ನನ್ನ ಬಾನೆಟ್ಟಿನ ಮೇಲಿಟ್ಟರು. ಭಜನೆಗೆಂದು ಹೇಳಿ ಅವರು ಮೂರು ತಿಂಗಳು ಹೋಗಿದ್ದು ಹಿಂದಿನ ಓಣಿಯ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ. ಮಾಸ್ತರ ಎದುರಾಳಿಯ ಸ್ಕೂಲಿಗೆ! ಮಾಸ್ತರ ಕೈಯಲ್ಲಿನ ಚಹಾ ಕಪ್ಪು ಅಲ್ಲೇ ನಿಂತಿತು.

"ಮನ್ಯಾಗ ಸ್ಕೂಲ್ ಇಟ್ಕೊಂಡು ಅಲ್ಲಿಗ್ಯಾಕ ಹೋದಿ?"

"ಮದಿವಿ ಆದ ವರ್ಷ ನೀವು ಕಲಿಸಾಕ ಕರ್ಕೊಂಡ್ ಹೋಗಿದ್ರಿ. ಓಣಿ ದಾಟೂದ್ರಾಗ ಆರ್ ಸಲ ಬ್ರೇಕ್ ಒತ್ತಿದ್ರಿ. ನಾ ಇಳದ್ ಬಂದೆ. ಆ ಸ್ಕೂಲಿನವ್ರ ಕಾರಿನ್ಯಾಗೂ ಎರಡನೇ ಬ್ರೇಕ್ ಇತ್ತು. ಅವರು ಒತ್ತಲಿಲ್ಲ."

ಮಾಸ್ತರು ಕಪ್ಪು ಕೆಳಗಿಟ್ಟು, ನನ್ನನ್ನು ಮನೆಗೆ ತಂದು ಹೊದಿಕೆ ಹಾಕಿದರು. ಎರಡು ಭಾನುವಾರ ನಾವು ಎಲ್ಲೂ ಹೋಗಲಿಲ್ಲ. ಊರೆಲ್ಲ ನಗುತ್ತದೆಂಬ ಅವಮಾನ ಅವರಿಗೆ. ದಾನಮ್ಮನಿಗೆ ಬೇಕಿದ್ದದ್ದು ಒಂದೇ, ಪಕ್ಕದಲ್ಲಿ ಯಾರೂ ಬ್ರೇಕ್ ಒತ್ತದ ಒಂದು ಸುತ್ತು. ನನಗೆ ಇಬ್ಬರ ಮೇಲೂ ಕನಿಕರವಾಯಿತು. ಆದರೆ ಮನಸ್ಸು ದಾನಮ್ಮನ ಕಡೆಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೂರನೇ ಭಾನುವಾರ ಮಾಸ್ತರು ಹೊದಿಕೆ ತೆಗೆದರು. ಗಿರಣಿಯ ಅಂಗಳ ತಲುಪಿ ಕೀಲಿಯನ್ನು ಹೆಂಡತಿಗೆ ಕೊಟ್ಟು, ತಾವು ಎಡಗಡೆ ಕೂತರು. ಜಬೀನಾ ಬಾವುಟ ಇಳಿಸಿದಳು. ಎರಡನೇ ಕೋನ್ ಬರುವಷ್ಟರಲ್ಲಿ ಮಾಸ್ತರ ಬಲಗಾಲು ನನ್ನ ಖಾಲಿ ನೆಲವನ್ನು ಧಡ್ ಧಡ್ ಎಂದು ಒತ್ತತೊಡಗಿತು. "ಕ್ಲಚ್, ಕ್ಲಚ್... ಸಾವಕಾಶ..." ಎಂದು ಬಾಯಿಯೂ ಸೇರಿಕೊಂಡಿತು. ಕೈ ಸ್ಟೇರಿಂಗಿನತ್ತ ಚಾಚಿತು. ದಾನಮ್ಮ ನಡು ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಎಂಜಿನ್ ಆರಿಸಿದರು.

"ಇಳೀರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮಾಸ್ತರು ತಮ್ಮ ಬಲಗಾಲನ್ನು ಒಮ್ಮೆ ನೋಡಿಕೊಂಡರು. ಬಾಗಿಲು ತೆರೆದು ಇಳಿದು, ಕೋನ್‌ಗಳ ಆಚೆ ಹೋಗಿ ಕೈಕಟ್ಟಿ ನಿಂತರು.

ದಾನಮ್ಮ ಮೊದಲಿನಿಂದ ಶುರುಮಾಡಿದರು. ಅಬ್ಬಾ, ಆ ಸುತ್ತು! ಬಿಡಬೇಕಾದಲ್ಲಿ ಬಿಟ್ಟರು, ಒತ್ತಬೇಕಾದಲ್ಲಿ ಒತ್ತಿದರು. ನನಗೆ ಆರನೆಯ ವಯಸ್ಸಿನಲ್ಲಿ ಮೊದಲ ಸಲ ಉಸಿರು ತುಂಬಿ ಬಂತು. ಎರಡು ಕೋನ್ ಉರುಳಿದವು. ಬಿಳಿ ಗೆರೆ ದಾಟಿ, ಇನ್ನೂ ಮುಂದಕ್ಕೆ ಬೇವಿನ ಮರದವರೆಗೂ ಹೋಗಿ ನಿಂತೆವು. ಉರುಳಿದ್ದಕ್ಕೆ ದಂಡದ ಸೆಕೆಂಡು ಸೇರಿಸಿದರೂ ಮಾಸ್ತರಿಗಿಂತ ಹನ್ನೊಂದು ಸೆಕೆಂಡು ಬೇಗ ಎಂದು ಜಬೀನಾ ಕೂಗಿ ಹೇಳಿದಳು. ಮಾಸ್ತರು ನಡೆದುಹೋಗಿ ಬಿದ್ದ ಕೋನ್‌ಗಳನ್ನು ನೆಟ್ಟಗೆ ನಿಲ್ಲಿಸಿ ಬಂದರು.

"ಇನ್ನೊಂದ್ ಸುತ್ತು ಹೊಡಿ," ಎಂದರು.

ಆಮೇಲೆ ನಾಲ್ಕು ವರ್ಷ ನಾನು ದಾನಮ್ಮನ ಕಾರು. ಬಹುಮಾನದ ಕಪ್ಪು ಕೂಡ ಒಂದೆರಡು ಗೆದ್ದೆವು. ಹೀಗಿರುವಾಗ ಒಂದು ದಿನ ಗೇರ್‌ಬಾಕ್ಸ್ ಒಡೆಯಿತು, ಅದರ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಈಗ ಡ್ರೈವಿಂಗ್ ಸ್ಕೂಲಿನ ಹಿತ್ತಲಲ್ಲಿ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಬಣ್ಣ ಮಾಸಿದೆ, ಹೊಟ್ಟೆಯಡಿ ಬೆಕ್ಕು ಮರಿ ಹಾಕಿದೆ. ನನಗೆ ಬೇಸರವಿಲ್ಲ. ಬಹಳ ಕಾರುಗಳು ಬರೀ ದೂರ ಹೋಗಿ ಮುದಿಯಾಗುತ್ತವೆ. ನಾನು ಒಂದೇ ಅಂಗಳದಲ್ಲಿ ಸುತ್ತಿ ಸುತ್ತಿ ಮುದಿಯಾದೆ.

ಹೊಸದಾಗಿ ಕಲಿಯಲು ಬಂದವರು ನನ್ನ ಸುತ್ತ ನಿಂತು ಮಾಸ್ತರನ್ನು ಕೇಳುತ್ತಾರೆ, "ಸರ್, ಇದು ಎಷ್ಟು ಸ್ಪೀಡ್ ಓಡ್ತಿತ್ರಿ?"

"ನನಗೇನ್ ಗೊತ್ತಪ್ಪ, ನಾ ಹೊರಗ ನಿಂತಿದ್ದೆ," ಎನ್ನುತ್ತಾರೆ ಮಾಸ್ತರು. "ನಮ್ಮ ಮನಿಯವ್ರನ್ನ ಕೇಳ್ರಿ."